ತುಂಗಭದ್ರೆಯ ಎಡದಂಡೆಯ ಯಾತ್ರಾಪಥ ಮತ್ತು ಒಂಟಿ ಯಾತ್ರಿಕ

೧

ಯಾತ್ರೆಯ ಇತಿಹಾಸವನ್ನು ಬರೆಯಹೊರಟವರು ಬಹುಮಟ್ಟಿಗೆ ಕ್ಷೇತ್ರಗಳ ಇತಿಹಾಸವನ್ನು ಬರೆದು ಮುಗಿಸುತ್ತಾರೆ. ದೇವಾಲಯವನ್ನು ಕಟ್ಟಿಸಿದವರಾರು, ದತ್ತಿಯನ್ನು ಬಿಟ್ಟವರಾರು, ಗೋಪುರವು ಯಾವ ಅರಸನ ಕಾಲದ್ದು ಎಂಬ ವಿಚಾರಗಳಿಗೆ ಶಾಸನಗಳ ನೆರವುಂಟು. ಆದರೆ ಒಂದು ಕ್ಷೇತ್ರಕ್ಕೂ ಮತ್ತೊಂದು ಕ್ಷೇತ್ರಕ್ಕೂ ನಡುವೆ ಚಾಚಿಕೊಂಡಿರುವ ದಾರಿಯ ವಿಷಯದಲ್ಲಿ ನಮ್ಮ ಜಿಜ್ಞಾಸೆ ಅಷ್ಟಾಗಿ ಹರಿದಿಲ್ಲ. ಯಾತ್ರಿಕನು ದೇವರ ಸನ್ನಿಧಿಯಲ್ಲಿ ನಿಲ್ಲುವುದು ಒಂದು ಗಳಿಗೆ. ಅವನ ದಿನಗಳು ಸವೆಯುವುದು ದಾರಿಯಲ್ಲಿ. ಆದುದರಿಂದ ದಾರಿಯ ಇತಿಹಾಸವನ್ನು ಬಿಟ್ಟು ಬರೆದ ಯಾತ್ರೆಯ ಇತಿಹಾಸವು ಅರ್ಧದಷ್ಟೇ ಎನ್ನಬೇಕಾಗುತ್ತದೆ.

ಪ್ರಕೃತ ಲೇಖನದಲ್ಲಿ ಆನೆಗೊಂದಿ ಗಂಗಾವತಿಗಳಿಂದ ಹೊರಟು, ತುಂಗಭದ್ರೆಯ ಎಡದಂಡೆಯನ್ನು ಹಿಡಿದು, ಕಾರಟಗಿ, ಸಿಂಧನೂರು, ಮಾನವಿ, ರಾಯಚೂರುಗಳ ಮೂಲಕ ಆಲಂಪುರವನ್ನು ಸೇರಿ, ಅಲ್ಲಿಂದ ಶ್ರೀಶೈಲಕ್ಕೆ ಸಾಗುವ ಪಥವನ್ನು ವಿವೇಚಿಸಲು ಯತ್ನಿಸಲಾಗಿದೆ. ಇದು ಒಬ್ಬ ಅರಸನು ಒಂದು ಕಾಲದಲ್ಲಿ ಹಾಕಿಸಿದ ಹೆದ್ದಾರಿಯಲ್ಲ. ಬೇರೆಬೇರೆ ಕಾಲಗಳಲ್ಲಿ ಬೇರೆಬೇರೆ ಮತಗಳ ಜನರು ತುಳಿದ ದಾರಿಗಳು ಒಂದರೊಡನೊಂದು ಹೆಣೆದುಕೊಂಡು ಆದ ಮಾಲೆ. ಈ ದಾರಿಯಲ್ಲಿ ಗುಂಪಾಗಿ ಹೋದವರನ್ನು ಬಿಟ್ಟು ಒಬ್ಬಂಟಿಯಾಗಿ ಹೋದವರನ್ನು ಇಲ್ಲಿ ಮುಖ್ಯವಾಗಿ ಪರಿಶೀಲಿಸಲಾಗುವುದು. ಒಂಟಿಯಾಗಿ ದೂರದ ಯಾತ್ರೆ ಕೈಗೊಳ್ಳುವುದು ಯಾರಿಗೆ ಸಾಧ್ಯವಾಗಿತ್ತು? ಯಾವುದರ ಬಲದಿಂದ ಸಾಧ್ಯವಾಗಿತ್ತು? ಸೈಕಲ್ಲೆಂಬ ವಾಹನವು ಈ ಪ್ರಶ್ನೆಗಳ ಮೇಲೆ ಏನಾದರೂ ಬೆಳಕನ್ನು ಚೆಲ್ಲಬಲ್ಲುದೆ? ಈ ಮೂರು ಪ್ರಶ್ನೆಗಳೇ ಲೇಖನದ ವ್ಯಾಪ್ತಿ.

೨

ಈ ಪ್ರದೇಶದಲ್ಲಿ ಸಂಚಾರದ ಕುರುಹುಗಳು ಅತ್ಯಂತ ಪ್ರಾಚೀನವಾದವು. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ನೂರಾರು ಬೃಹತ್ ಶಿಲಾ ಸಮಾಧಿಗಳು ಇಲ್ಲಿಯ ಜನವಸತಿಯ ಹಳಮೆಯನ್ನು ಸಾರುತ್ತವೆ. ಲಿಖಿತ ಆಧಾರಗಳು ಮೊದಲಾಗುವುದು ಅಶೋಕನಿಂದ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅವನ ಕಿರುಬಂಡೆ ಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದವು. ಅದಕ್ಕೆ ಹದಿನಾರು ವರ್ಷ ಮೊದಲು, ೧೯೧೫ರಲ್ಲಿ, ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನೇ ಹೇಳಿ, ದೇವಾನಾಂಪ್ರಿಯನೆಂಬ ಅರಸನು ಯಾರೆಂಬ ಪ್ರಶ್ನೆಯನ್ನು ಬಗೆಹರಿಸಿತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಶಾಸನಗಳು ದೊರೆತವು. ಇವನ್ನೆಲ್ಲ ಭೂಪಟದ ಮೇಲೆ ಗುರುತಿಸಿದರೆ ತುಂಗಭದ್ರೆಯ ಎರಡು ದಂಡೆಗಳಲ್ಲಿಯೂ ಜನಸಂಚಾರ ಮೌರ್ಯರ ಕಾಲಕ್ಕಾಗಲೇ ನೆಲೆಗೊಂಡಿತ್ತೆಂಬುದು ವಿಶದವಾಗುತ್ತದೆ; ಓದುವವರು ಹಾದುಹೋಗದ ಸ್ಥಳದಲ್ಲಿ ಯಾವ ಅರಸನೂ ಬಂಡೆಯ ಮೇಲೆ ಬರೆಯಿಸುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಈ ಕಿರುಬಂಡೆ ಶಾಸನದ ಹಲವು ಪಾಠಗಳಲ್ಲಿ ೨೫೬ ಎಂಬ ಸಂಖ್ಯೆ ಬರುತ್ತದೆ. ಅರಸನು ಮನೆಯನ್ನು ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆ ಇದೆಂದು ಹೆಚ್ಚಿನ ವಿದ್ವಾಂಸರು ಅರ್ಥೈಸಿದ್ದಾರೆ. ವಿಹಾರಯಾತ್ರೆಯನ್ನು ಬಿಟ್ಟು ಧರ್ಮಯಾತ್ರೆಯನ್ನು ಕೈಗೊಂಡುದನ್ನು ಅಶೋಕನೇ ತನ್ನ ಎಂಟನೆಯ ಬಂಡೆ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಯಾತ್ರೆಯನ್ನು ಹರದಾರಿಯಿಂದ ಅಳೆಯದೆ, ಮನೆಯ ಹೊರಗೆ ಕಳೆದ ರಾತ್ರಿಗಳಿಂದ ಅಳೆಯುವ ಈ ಕ್ರಮವು ಅರ್ಥಪೂರ್ಣವಾದುದು. ದಾರಿಹೋಕನ ಮೊದಲ ಚಿಂತೆ ಇಂದಿನ ರಾತ್ರಿ ಎಲ್ಲಿ ಎಂಬುದೇ ಅಲ್ಲವೆ?

ಕೊಪ್ಪಳವು ಮುಂದೆ ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಯಿತು. ಕವಿರಾಜಮಾರ್ಗಕಾರನು ಕನ್ನಡದ ತಿರುಳಾದ ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸಿದ್ದಾನೆ. ರನ್ನನು ೯೯೩ರಲ್ಲಿ ರಚಿಸಿದ ಅಜಿತಪುರಾಣದಲ್ಲಿ ಅತ್ತಿಮಬ್ಬೆಯ ಶೀಲವನ್ನು ಕೊಪಣಾಚಲದ ಪಾವಿತ್ರ್ಯಕ್ಕೆ ಹೋಲಿಸಿದ್ದಾನೆ. ಹೊಯ್ಸಳರ ದಂಡನಾಯಕ ಹುಳ್ಳನು ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಯ ಮುನಿಸಮುದಾಯಕ್ಕಾಗಿ ದತ್ತಿ ಬಿಟ್ಟುದನ್ನು ದೂರದ ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಈ ಎಲ್ಲ ಆಧಾರಗಳಿಗಿಂತ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಕೊಪ್ಪಳದ ಬಂಡೆಯ ಮೇಲಿನ ಒಂದು ಜೊತೆ ಹೆಜ್ಜೆಗುರುತು. ವರಾಂಗಚರಿತವನ್ನು ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳಿವು. ಚಾವಯ್ಯನೆಂಬವನು ಇವನ್ನು ಮಾಡಿಸಿದನೆಂದು ಪಕ್ಕದ ಬರೆಹವು ಹೇಳುತ್ತದೆ. ಜೈನ ಯತಿಯು ವಾಹನವನ್ನೇರುವಂತಿಲ್ಲ, ಬರಿಗಾಲಿನಲ್ಲಿ ನಡೆಯಬೇಕು, ಮಳೆಗಾಲದ ಹೊರತು ಒಂದೆಡೆ ನೆಲಸಬಾರದು. ಹಾಗೆ ನಡೆದವನ ನೆನಪಿಗೆ ಪ್ರತಿಮೆಯನ್ನು ಕಡೆಯದೆ ಪಾದಗಳನ್ನು ಕಡೆದರು. ನಡೆದು ಬಂದವನು ಆಚಾರ್ಯ. ಕಲ್ಲಿನಲ್ಲಿ ಅದನ್ನು ಉಳಿಸಿದವನು ಗೃಹಸ್ಥ. ಒಬ್ಬನ ನಡಿಗೆಯೂ ಇನ್ನೊಬ್ಬನ ದಾನವೂ ಕೂಡಿದಾಗಲೇ ಯಾತ್ರೆಯು ಇತಿಹಾಸದಲ್ಲಿ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೩

ಶ್ರೀಶೈಲಕ್ಕೆ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ದ್ವಾರಗಳೆಂದು ಸಂಪ್ರದಾಯ. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಉತ್ತರಕ್ಕೆ ಉಮಾಮಹೇಶ್ವರ, ಪಶ್ಚಿಮಕ್ಕೆ ಆಲಂಪುರ. ಬಾದಾಮಿಯ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿರುವ ಆಲಂಪುರವು ತುಂಗಭದ್ರೆಯ ಎಡದಂಡೆಯಲ್ಲಿದೆ. ಅಲ್ಲಿಂದ ಸ್ವಲ್ಪ ಕೆಳಗೆ ಕೂಡವೆಲ್ಲಿಯ ಬಳಿ ಆ ನದಿಯು ಕೃಷ್ಣೆಯನ್ನು ಸೇರುತ್ತದೆ. ಕನ್ನಡನಾಡಿನ ಒಳಭಾಗದಿಂದ ಹೊರಟವನು ನದಿಯ ಹರಿವನ್ನು ಅನುಸರಿಸಿ ನಡೆದರೆ ದಾರಿ ತಪ್ಪದೆ ಪಶ್ಚಿಮದ್ವಾರವನ್ನು ಮುಟ್ಟುತ್ತಾನೆ. ಭೂಪಟವಿಲ್ಲದ ಕಾಲದಲ್ಲಿ ಒಂಟಿ ಯಾತ್ರಿಕನಿಗೆ ಇದಕ್ಕಿಂತ ನಂಬಿಕೆಯ ಮಾರ್ಗದರ್ಶಕನಿರಲಿಲ್ಲ; ಕುಡಿಯಲು ನೀರು, ಸ್ನಾನಕ್ಕೆ ತೀರ್ಥ, ನಡೆಯಲು ದಿಕ್ಕು ಮೂರನ್ನೂ ನದಿಯೇ ಒದಗಿಸುತ್ತಿತ್ತು. ಈ ನದಿಯ ತೀರ್ಥಮಹಿಮೆಯಲ್ಲಿ ಅಂದಿನವರಿಗೆ ಎಷ್ಟು ಶ್ರದ್ಧೆಯಿತ್ತೆಂಬುದಕ್ಕೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ವ್ಯಾಧಿಪೀಡಿತನಾಗಿ ೧೦೬೮ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯಲ್ಲಿಯೇ ದೇಹವನ್ನು ಬಿಟ್ಟುದು ಸಾಕ್ಷಿ.

ಶ್ರೀಶೈಲದ ದಾರಿಯಲ್ಲಿ ಒಂಟಿಯಾಗಿ ನಡೆದವರಲ್ಲಿ ಅಕ್ಕಮಹಾದೇವಿಗೆ ಅಗ್ರಸ್ಥಾನವು ಸಲ್ಲತಕ್ಕದ್ದು. ಹಂಪೆಯ ಹರಿಹರನು ತನ್ನ ರಗಳೆಯಲ್ಲಿ ಆಕೆಯ ಚರಿತ್ರೆಯನ್ನು ಹಾಡಿದನು. ಶೂನ್ಯಸಂಪಾದನೆಕಾರರು ಆಕೆಯನ್ನು ಕಲ್ಯಾಣದ ಅನುಭವಮಂಟಪಕ್ಕೆ ಕರೆತಂದು ಅಲ್ಲಿಂದ ಶ್ರೀಶೈಲಕ್ಕೆ ಕಳುಹಿದರು. ಮನೆ, ಪತಿ, ಪರಿವಾರಗಳನ್ನು ತೊರೆದ ಮೇಲೆಯೇ ಆಕೆಗೆ ಈ ಏಕಾಕಿತ್ವವು ದೊರೆಯಿತೆಂಬುದನ್ನು ಮರೆಯಬಾರದು. ಇದು ಆಕೆಯೊಬ್ಬಳ ಮಾತಲ್ಲ. ಮಧ್ಯಯುಗದ ಕರ್ಣಾಟಕದಲ್ಲಿ ಒಂಟಿಯಾಗಿ ಸಂಚರಿಸಿದವರ ಪಟ್ಟಿಯನ್ನು ಮಾಡಿದರೆ ಅದರಲ್ಲಿ ಕಾಣುವವರು ಜೈನ ಯತಿಗಳು, ಚರಜಂಗಮರು, ಯೋಗಿಗಳು, ಸಂನ್ಯಾಸಿಗಳು, ಹೆಗಲಲ್ಲಿ ತಂಬೂರಿಯನ್ನು ಹೊತ್ತ ದಾಸರು. ಜಂಗಮವೆಂಬ ಶಬ್ದದ ಅರ್ಥವೇ ಚಲಿಸುವುದು.

ಗೃಹಸ್ಥರ ಕ್ರಮ ಬೇರೆಯಾಗಿತ್ತು. ಅವರು ಊರಿಗೆ ಊರೇ ಕೂಡಿ ಹೊರಡುತ್ತಿದ್ದರು. ಇಂದಿಗೂ ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಮಲ್ಲಯ್ಯನ ಕಂಬಿಯನ್ನು ಮುಂದಿಟ್ಟುಕೊಂಡು ಶ್ರೀಶೈಲಕ್ಕೆ ನಡೆದುಹೋಗುವ ಜನರನ್ನು ನೋಡಬಹುದು. ಭ್ರಮರಾಂಬೆಯು ತಮ್ಮ ಮನೆಯ ಮಗಳು, ಮಲ್ಲಿಕಾರ್ಜುನನು ಅಳಿಯ ಎಂಬುದು ಈ ಜನರ ಭಾವನೆ; ಮಗಳ ಮನೆಗೆ ಸೀರೆ, ಅರಿಸಿನ, ಕುಂಕುಮಗಳನ್ನು ಒಯ್ಯುವಂತೆ ಅವರು ಹೋಗುತ್ತಾರೆ. ಹಾಗೆ ಹೋಗುವಾಗ ಒಬ್ಬರೇ ಹೋಗುವ ಪ್ರಶ್ನೆಯೇ ಏಳುವುದಿಲ್ಲ. ಗುಂಪಿನ ಅವಶ್ಯಕತೆಗೆ ಭಾವನೆಯ ಜೊತೆಗೆ ವ್ಯಾವಹಾರಿಕ ಕಾರಣಗಳೂ ಇದ್ದವು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬ್ ಪ್ರದೇಶವು ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ ನಿರಂತರ ಕಲಹದ ಭೂಮಿಯಾಗಿತ್ತು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದನು. ೧೫೬೫ರ ಯುದ್ಧಾನಂತರ ದೋಆಬ್ ವಿಜಯಾಪುರದವರ ಕೈಸೇರಿತು. ದಂಡು ಹಾಯುವ ದಾರಿಯಲ್ಲಿ, ಮುಂದೆ ನಲ್ಲಮಲದ ಕಾಡಿನಲ್ಲಿ, ಸಂಸಾರಿಯಾದವನು ಒಬ್ಬನೇ ಹೋಗುವುದು ವಿವೇಕವೆನಿಸುತ್ತಿರಲಿಲ್ಲ. ಕೃಷ್ಣದೇವರಾಯನೇ ೧೫೧೫ರಲ್ಲಿ ಶ್ರೀಶೈಲಕ್ಕೆ ಹೋಗಿ ರಥಬೀದಿಯಲ್ಲಿ ಮಂಟಪಗಳನ್ನು ಕಟ್ಟಿಸಿದನು. ಅವನ ಹಿಂದೆ ಕೊಂಡವೀಡನ್ನು ಗೆದ್ದ ಸೈನ್ಯವಿತ್ತು.

ಹೀಗೆ ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಒಂಟಿ ಯಾತ್ರೆಯು ವಿರಕ್ತನ ಹಕ್ಕು, ಸಾಮೂಹಿಕ ಯಾತ್ರೆಯು ಗೃಹಸ್ಥನ ಪದ್ಧತಿ ಎಂಬ ವಿಭಾಗವು ಶತಮಾನಗಳ ಕಾಲ ನಡೆದುಬಂದಿತು.

೪

ಎರಡನೆಯ ಪ್ರಶ್ನೆಗೆ ಈಗ ಬರಬಹುದು. ಕೈಯಲ್ಲಿ ಕಾಸಿಲ್ಲದ, ಜೊತೆಗೆ ಯಾರೂ ಇಲ್ಲದ ವಿರಕ್ತನು ನೂರಾರು ಮೈಲಿ ನಡೆಯಲು ಯಾವುದು ಆಧಾರವಾಗಿತ್ತು? ದೈವಬಲವೆಂದು ಅವನು ಹೇಳಿಯಾನು. ಇತಿಹಾಸಕಾರನು ಅದರ ಜೊತೆಗೆ ಅರವಟ್ಟಿಗೆ, ಸತ್ರ, ಮಠ, ಮಂಟಪ, ಕೆರೆ, ಬಾವಿಗಳನ್ನು ಹೆಸರಿಸಬೇಕಾಗುತ್ತದೆ.

ಅರವಟ್ಟಿಗೆಯೆಂದರೆ ದಾರಿಹೋಕರಿಗೆ ನೀರು ಕೊಡುವ ನೆಲೆ. ಅದನ್ನು ನಡೆಸಲು ಭೂಮಿಯನ್ನು ಬಿಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ದೊರೆಯುತ್ತವೆ. ಮಾನಸೋಲ್ಲಾಸವನ್ನು ರಚಿಸಿದ ಮೂರನೆಯ ಸೋಮೇಶ್ವರನು ತೀರ್ಥಸ್ನಾನವನ್ನೂ ದೀನಾನಾಥರ ಪೋಷಣೆಯನ್ನೂ ಅರಸನ ಕರ್ತವ್ಯಗಳ ಒಂದೇ ಸಾಲಿನಲ್ಲಿ ಇರಿಸಿದ್ದಾನೆ. ಈ ದಾನಗಳ ಸ್ವರೂಪವನ್ನು ಪರಿಶೀಲಿಸಿದರೆ ಒಂದು ಮುಖ್ಯಾಂಶವು ಗೋಚರವಾಗುತ್ತದೆ. ದೇವರಿಗೆ ದತ್ತಿ ಬಿಟ್ಟವನಿಗೆ ತನ್ನ ದೇವರು ಯಾರೆಂಬುದು ಗೊತ್ತು. ಬ್ರಾಹ್ಮಣನಿಗೋ ಮುನಿಗೋ ದತ್ತಿ ಬಿಟ್ಟವನಿಗೆ ಪಾತ್ರನ ಗೋತ್ರ, ಗಣ, ಗಚ್ಛಗಳು ಗೊತ್ತು. ದಾರಿಯ ಪಕ್ಕದಲ್ಲಿ ಬಾವಿಯನ್ನು ತೋಡಿಸಿದವನಿಗೆ ಮಾತ್ರ ಆ ನೀರನ್ನು ಕುಡಿಯುವವನು ಯಾರೆಂಬುದು ಗೊತ್ತಿಲ್ಲ. ಅವನು ಮುಂದೊಂದು ದಿನ ಬರಬಹುದಾದ ಅಪರಿಚಿತನನ್ನು ಕಲ್ಪಿಸಿಕೊಂಡು ದಾನಮಾಡಿದನು. ಆದುದರಿಂದ ಒಂಟಿ ಯಾತ್ರಿಕನು ದಾರಿಯಲ್ಲಿ ಒಬ್ಬನೇ ನಡೆದರೂ ವಾಸ್ತವವಾಗಿ ಒಂಟಿಯಾಗಿರಲಿಲ್ಲ. ಅವನು ಬರುವ ಮೊದಲೇ ಅವನಿಗಾಗಿ ಕಾದಿದ್ದವರ ಸಾಲಿನ ನಡುವೆ ನಡೆಯುತ್ತಿದ್ದನು.

ಆದರೆ ದಾನಿಯ ಕಲ್ಪನೆಯಲ್ಲಿದ್ದ ಆ ಅಪರಿಚಿತನಿಗೂ ಜಾತಿಯ ಎಲ್ಲೆಯಿತ್ತೆಂಬುದನ್ನು ಇಲ್ಲಿಯೇ ಹೇಳಬೇಕು. ಎಲ್ಲ ಬಾವಿಗಳ ನೀರೂ ಎಲ್ಲರಿಗೂ ದಕ್ಕುತ್ತಿರಲಿಲ್ಲ. ಯಾತ್ರಾಮಾರ್ಗದ ಔದಾರ್ಯವನ್ನು ಕೊಂಡಾಡುವಾಗ ಈ ಮಿತಿಯನ್ನು ಬಿಟ್ಟರೆ ನಮ್ಮ ಚಿತ್ರವು ಸುಳ್ಳಾಗುತ್ತದೆ.

ಈ ವಿಚಾರವು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದುದಲ್ಲ. ಜಪಾನಿನ ಶಿಕೋಕು ದ್ವೀಪದಲ್ಲಿ ಎಂಬತ್ತೆಂಟು ದೇವಾಲಯಗಳನ್ನು ಸುತ್ತುವ ಸುಮಾರು ೧,೨೦೦ ಕಿ.ಮೀ. ದೂರದ ಯಾತ್ರೆಯೊಂದಿದೆ. ಒಬ್ಬನೇ ನಡೆಯುವ ಯಾತ್ರಿಕನ ವಸ್ತ್ರದ ಮೇಲೆ ‘ಇಬ್ಬರ ಸಹಯಾನ’ ಎಂಬರ್ಥದ ಮಾತನ್ನು ಅಲ್ಲಿ ಬರೆದಿರುತ್ತಾರೆ. ಎರಡನೆಯವನು ಕೋಬೋ ದಾಯಿಶಿ ಎಂಬ ಗುರು. ದಾರಿಯ ಜನರು ಯಾತ್ರಿಕನಿಗೆ ಕೊಡುವ ಅನ್ನ, ಹಣ್ಣು, ಹಣಗಳಿಗೆ ಒಸೆತ್ತಾಯಿ ಎಂದು ಹೆಸರು. ಸ್ಪೇನ್ ದೇಶದ ಸಾಂತಿಯಾಗೊ ಯಾತ್ರೆಯಲ್ಲಿಯೂ ಮಧ್ಯಯುಗದಿಂದ ಧರ್ಮಶಾಲೆಗಳ ಸಾಲೇ ಇದೆ. ಅಲ್ಲಿಯ ಚರ್ಚಿನ ಅಧಿಕಾರಿಗಳು ಕೊನೆಯ ೧೦೦ ಕಿ.ಮೀ. ನಡೆದವನಿಗೂ ಕೊನೆಯ ೨೦೦ ಕಿ.ಮೀ. ಸೈಕಲ್ಲಿನಲ್ಲಿ ಕ್ರಮಿಸಿದವನಿಗೂ ಸಮಾನವಾದ ಯಾತ್ರಾಪತ್ರವನ್ನು ಕೊಡುತ್ತಾರೆ. ಸೈಕಲ್ ತುಳಿಯುವವನೂ ಯಾತ್ರಿಕನೇ, ಅವನ ಶ್ರಮಕ್ಕೆ ಅಳತೆ ಮಾತ್ರ ಬೇರೆ ಎಂಬ ಈ ತೀರ್ಮಾನವು ನಮ್ಮ ಮೂರನೆಯ ಪ್ರಶ್ನೆಗೆ ಪೀಠಿಕೆಯಾಗುತ್ತದೆ.

೫

ಎರಡು ಗಾಲಿಗಳೂ ಸಮನಾಗಿರುವ, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ಸೈಕಲ್ಲನ್ನು ಇಂಗ್ಲೆಂಡಿನ ಸ್ಟಾರ್ಲಿಯು ೧೮೮೫ರಲ್ಲಿ ರೂಪಿಸಿದನು. ೧೮೮೮ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಇವೆರಡೂ ಜನಪ್ರಿಯವಾಗುವ ಮೊದಲೇ ಥಾಮಸ್ ಸ್ಟೀವನ್ಸನೆಂಬವನು ಮುಂದಿನ ಗಾಲಿ ಭಾರಿ ಎತ್ತರವಿರುವ ಹಳೆಯ ಮಾದರಿಯ ಸೈಕಲ್ಲಿನ ಮೇಲೆ ಲೋಕಸಂಚಾರ ಮಾಡುತ್ತ ೧೮೮೬ರಲ್ಲಿ ಉತ್ತರ ಹಿಂದೂಸ್ಥಾನವನ್ನು ಒಬ್ಬನೇ ಹಾದುಹೋಗಿದ್ದನು. ಮುಂಬಯಿಯ ಪಾರಸಿ ತರುಣರು ೧೯೨೩ರಲ್ಲಿ ಹೊರಟು ೧೯೨೮ರಲ್ಲಿ ಜಗತ್ಪರ್ಯಟನವನ್ನು ಮುಗಿಸಿ ಬಂದರು. ೧೯೪೯ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಕಾರಖಾನೆಯು ಸ್ಥಾಪಿತವಾದ ಮೇಲೆ, ಮುಂದಿನ ದಶಕಗಳಲ್ಲಿ, ದಕ್ಷಿಣದ ಹಳ್ಳಿಗಳ ಶಾಲಾಮಾಸ್ತರ, ಹಾಲು ಮಾರುವವ, ಅಂಚೆಯವರಿಗೂ ಸೈಕಲ್ಲು ಎಟುಕುವಂತಾಯಿತು.

ಯಾತ್ರೆಯ ಇತಿಹಾಸದಲ್ಲಿ ಇದರ ಪರಿಣಾಮವೇನು? ಒಂದು ಸರಳವಾದ ಲೆಕ್ಕವನ್ನು ನೋಡೋಣ. ಗಂಗಾವತಿಯಿಂದ ಶ್ರೀಶೈಲಕ್ಕೆ ಇಂದಿನ ರಸ್ತೆಯ ಮೂಲಕ ಸುಮಾರು ೪೦೦ ಕಿ.ಮೀ. ಆಗುತ್ತದೆ. ದಿನಕ್ಕೆ ೨೫ ಕಿ.ಮೀ. ನಡೆಯುವವನಿಗೆ ಹೋಗಲು ೧೬ ದಿನ, ಬರಲು ೧೬ ದಿನ; ಒಂದು ತಿಂಗಳಿಗೆ ಮಿಕ್ಕಿತು. ದಿನಕ್ಕೆ ೮೦ ಕಿ.ಮೀ. ತುಳಿಯುವವನು ೫ ದಿನಗಳಲ್ಲಿ ಮುಟ್ಟಿ, ಹತ್ತು ಹನ್ನೊಂದು ದಿನಗಳಲ್ಲಿ ಮನೆಗೆ ಹಿಂದಿರುಗಬಲ್ಲನು. ಬಿತ್ತನೆಗೂ ಕುಯಿಲಿಗೂ ನಡುವಣ ಬಿಡುವಿನಲ್ಲಿ, ಇಲ್ಲವೆ ಕಚೇರಿಯ ರಜೆಯಲ್ಲಿ, ಸಂಸಾರವನ್ನು ತೊರೆಯದೆಯೇ ಒಬ್ಬನು ದೂರದ ಯಾತ್ರೆಯನ್ನು ಒಂಟಿಯಾಗಿ ಮಾಡುವುದು ಇದರಿಂದ ಸಾಧ್ಯವಾಯಿತು. ರೈಲೂ ಮೋಟಾರೂ ಇದಕ್ಕಿಂತ ಬೇಗನೆ ಮುಟ್ಟಿಸುತ್ತವೆ ನಿಜ. ಆದರೆ ಅವುಗಳಲ್ಲಿ ದಾರಿಯು ಯಾತ್ರಿಕನ ಶ್ರಮಕ್ಕೆ ಒಳಪಡುವುದಿಲ್ಲ. ವಿರಕ್ತನಿಗೆ ಮೀಸಲಾಗಿದ್ದ ಒಂಟಿಯಾನವನ್ನು, ಶ್ರಮಸಹಿತವಾಗಿ, ಗೃಹಸ್ಥನಿಗೂ ಒದಗಿಸಿಕೊಟ್ಟ ವಾಹನ ಸೈಕಲ್ಲು. ಹಿಂದೆ ಹೇಳಿದ ಪ್ರಾಚೀನ ವಿಭಾಗವು ಇಲ್ಲಿಗೆ ಮುರಿಯಿತೆನ್ನಬಹುದು.

ಈ ಪಥದ ಗಂಗಾವತಿ ಸಿಂಧನೂರುಗಳ ನಡುವಣ ಭಾಗವನ್ನು ಪ್ರಸ್ತುತ ಲೇಖಕನು ಬೇರೆಬೇರೆ ಋತುಗಳಲ್ಲಿ ಒಬ್ಬನೇ ಸೈಕಲ್ಲಿನ ಮೇಲೆ ಕ್ರಮಿಸಿ ನೋಡಿದ್ದಾನೆ. ಆಷಾಢದಲ್ಲಿ ಪಡುವಣ ಗಾಳಿಯು ಬೆನ್ನನ್ನು ನೂಕುತ್ತದೆ, ಮರಳುವಾಗ ಎದೆಗೆ ಒದೆಯುತ್ತದೆ. ಆನೆಗೊಂದಿಯ ಸುತ್ತಣ ಬಂಡೆಗುಡ್ಡಗಳು ಗಂಗಾವತಿಯನ್ನು ದಾಟಿದ ಮೇಲೆ ತಗ್ಗುತ್ತ ಹೋಗಿ, ಕಾರಟಗಿಯ ಕಡೆಗೆ ನೆಲವು ಸಮತಟ್ಟಾಗುತ್ತದೆ. ಗಂಗಾವತಿಯಿಂದ ಕಾರಟಗಿಗೆ ನಡೆಯುವವನಿಗೆ ಒಂದು ದೀರ್ಘವಾದ ದಿನ, ಅಲ್ಲಿಂದ ಸಿಂಧನೂರಿಗೆ ಇನ್ನೊಂದು ದಿನ. ಸೈಕಲ್ಲಿನವನಿಗೆ ಎರಡೂ ಸೇರಿ ಒಂದು ಮುಂಜಾವು. ಹಳೆಯ ಬೀಡುಗಳ ಅಂತರವು ನಡೆಯುವ ಕಾಲಿನ ಅಳತೆಗೆ ಹೊಂದಿಕೊಂಡುದೆಂಬುದು ತುಳಿಯುವವನ ತೊಡೆಗಳಿಗೆ ತಾನಾಗಿ ತಿಳಿಯುತ್ತದೆ.

ಇನ್ನೊಂದು ಅನುಭವವೂ ಉಲ್ಲೇಖನಾರ್ಹ. ಒಂಟಿಯಾಗಿ ಸೈಕಲ್ಲಿನಲ್ಲಿ ಹೋಗುವವನನ್ನು ದಾರಿಯ ಜನರು ಪ್ರಶ್ನಿಸದೆ ಬಿಡುವುದಿಲ್ಲ. “ಯಾಕ್ರಿ ಸರ, ಒಬ್ಬರ ಹೊಂಟೀರಿ?” ಎಂಬುದು ಮೊದಲ ಪ್ರಶ್ನೆ, “ಯಾವ ಊರ್ರಿ ನಿಮ್ದು?” ಎಂಬುದು ಎರಡನೆಯದು, ಮೂರನೆಯದು ಪ್ರಶ್ನೆಯಲ್ಲ, “ನೀರು ಕುಡುದು ಹೋಗ್ರಿ” ಎಂಬ ಆಜ್ಞೆ. ಮೋಟಾರಿನಲ್ಲಿ ಹೋಗುವವನನ್ನು ಯಾರೂ ಹೀಗೆ ತಡೆಯಲಾರರು. ಅರವಟ್ಟಿಗೆಯ ಧರ್ಮವು ಶಾಸನಗಳಿಂದ ಇಳಿದು ಜನರ ಮಾತಿನಲ್ಲಿ ಉಳಿದಿರುವುದನ್ನು ಈ ಮೂರು ವಾಕ್ಯಗಳಲ್ಲಿ ಕಾಣಬಹುದಾಗಿದೆ.

೬

ಈ ಪಥವು ಆಧುನಿಕ ಕಾಲದಲ್ಲಿ ಹೊಂದಿದ ಮಾರ್ಪಾಡುಗಳನ್ನು ಸಂಗ್ರಹವಾಗಿ ಹೇಳಬೇಕಾಗಿದೆ. ೧೮೦೦ರಲ್ಲಿ ಬಳ್ಳಾರಿ ಸೀಮೆಯು ಇಂಗ್ಲಿಷರ ಕಂಪೆನಿಗೆ ಸೇರಿದಾಗ ತುಂಗಭದ್ರೆಯು ಎರಡು ಸರಕಾರಗಳ ಗಡಿಯಾಯಿತು. ಹಂಪೆಯು ಬಲದಂಡೆಯ ಮದರಾಸು ಪ್ರಾಂತಕ್ಕೂ ಆನೆಗೊಂದಿಯು ಎಡದಂಡೆಯ ನಿಜಾಮರ ರಾಜ್ಯಕ್ಕೂ ಸೇರಿ, ಒಂದೇ ಪಂಪಾಕ್ಷೇತ್ರವು ಎರಡು ಹೋಳಾಯಿತು. ೧೫೨೦ರ ಸುಮಾರಿನಲ್ಲಿ ಪೋರ್ಚುಗೀಸ್ ಪ್ರವಾಸಿ ಪಯಸ್‌ನು ಆನೆಗೊಂದಿಗೆ ದಾಟುವ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ: ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು. ಆ ಹರಿಗೋಲು ನಾಲ್ಕು ಶತಮಾನಗಳ ತರುವಾಯವೂ ಅಳಿಯಲಿಲ್ಲ. ಯಾತ್ರಿಕನ ಸೈಕಲ್ಲನ್ನೂ ಹೊತ್ತಿತು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ವಿಲೀನವಾಗಿ, ೧೯೫೬ರಲ್ಲಿ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಎರಡು ದಂಡೆಗಳೂ ಒಂದಾದವು. ಅದೇ ಪುನರ್ವಿಂಗಡಣೆಯಿಂದ ಆಲಂಪುರ, ಶ್ರೀಶೈಲಗಳು ಆಂಧ್ರಪ್ರದೇಶದಲ್ಲಿ ಉಳಿದವು. ೨೦೧೪ರಿಂದ ಆಲಂಪುರವು ತೆಲಂಗಾಣಕ್ಕೆ ಸೇರಿದೆ. ಹೀಗೆ ಇಂದು ಈ ಯಾತ್ರೆಯು ಮೂರು ರಾಜ್ಯಗಳನ್ನು ಹಾಯುತ್ತದೆ.

ಇದಕ್ಕಿಂತ ಆಳವಾದ ಮಾರ್ಪಾಡನ್ನು ತಂದುದು ತುಂಗಭದ್ರಾ 	ಅಣೆಕಟ್ಟು. ೧೯೪೫ರಲ್ಲಿ ಆರಂಭವಾದ ಆ ಕಾರ್ಯವು ಫಲಿಸಿ ೧೯೫೩ರಲ್ಲಿ ನೀರು ಹರಿಯತೊಡಗಿತು. ಎಡದಂಡೆಯ ನಾಲೆಯು ಇನ್ನೂರು ಕಿ.ಮೀ.ಗೂ ಮಿಕ್ಕ ಉದ್ದಕ್ಕೆ ಹರಿದು, ಜೋಳ ಸಜ್ಜೆಗಳ ಬೆದ್ದಲನ್ನು ಭತ್ತದ ಗದ್ದೆಯನ್ನಾಗಿಸಿತು. ಆಂಧ್ರದಿಂದ ಬಂದು ನೆಲಸಿದ ರೈತರ ಕ್ಯಾಂಪುಗಳು ಹುಟ್ಟಿದವು. ನೀರಿಲ್ಲದ ಬಯಲಿನಲ್ಲಿ ನದಿಯನ್ನು ಬಿಟ್ಟು ಸರಿಯದ ಹಳೆಯ ಯಾತ್ರಿಕನ ಜಾಣ್ಮೆಗೆ ಈಗ ಅರ್ಥವಿಲ್ಲ. ನೀರೇ ಅವನ ದಾರಿಗೆ ಅಡ್ಡವಾಗಿ ಹರಿಯುತ್ತದೆ. ಆದರೆ ಆ ನಾಲೆಯ ನೀರು ಬೆಳೆಗೆ ಬಂದುದು, ಕುಡಿಯಲು ತಕ್ಕುದಲ್ಲ. ಕೆಳಗೆ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವು ಶ್ರೀಶೈಲ ಜಲಾಶಯದಲ್ಲಿ ಮುಳುಗುವುದನ್ನು ತಪ್ಪಿಸಲು ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮರಳಿ ನಿಲ್ಲಿಸಿದರು. ದೇವಾಲಯವನ್ನು ಹೀಗೆ ಉಳಿಸಿಕೊಳ್ಳಬಹುದು. ದಾರಿಯನ್ನು ಬಿಚ್ಚಿ ಮತ್ತೊಂದೆಡೆ ಜೋಡಿಸಲು ಬರುವುದಿಲ್ಲ.

ಯಾತ್ರಾಧರ್ಮವು ಕ್ಷೀಣಿಸಿತೆಂದು ಇದರಿಂದ ಹೇಳಲಾಗದು. ಯುಗಾದಿಗೆ ಮುಂಚಿನ ವಾರಗಳಲ್ಲಿ ರಾಯಚೂರು ಸೀಮೆಯ ರಸ್ತೆಗಳ ಪಕ್ಕದಲ್ಲಿ ಶಾಮಿಯಾನಗಳೇಳುತ್ತವೆ. ಪಾದಯಾತ್ರಿಗಳಿಗೆ ಮಜ್ಜಿಗೆ, ಅಂಬಲಿ, ಅನ್ನಗಳನ್ನು ಕೊಟ್ಟು ಕಾಲನ್ನು ಒತ್ತುವವರೂ ಇದ್ದಾರೆ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹವು ಲೋಕಪ್ರಸಿದ್ಧವಾದುದು. ಔದಾರ್ಯವು ಕುಗ್ಗಿಲ್ಲ, ಅದರ ರೂಪವು ಬದಲಾಗಿದೆ. ಕಲ್ಲಿನ ಅರವಟ್ಟಿಗೆಯು ವರ್ಷದ ಎಲ್ಲ ದಿನಗಳಿಗೂ, ಬರುವ ಒಬ್ಬನಿಗೂ ಇತ್ತು. ಬಟ್ಟೆಯ ಶಾಮಿಯಾನವು ಕೆಲವು ದಿನಗಳಿಗೆ, ಬರುವ ಸಾವಿರ ಜನರಿಗೆ. ಗುಂಪಿನ ಯಾತ್ರಿಕನಿಗೆ ಇಂದು ಹಿಂದಿಗಿಂತ ಅನುಕೂಲವಿದೆ. ಕಾರ್ತಿಕದಲ್ಲೋ ಜ್ಯೇಷ್ಠದಲ್ಲೋ ಒಬ್ಬನೇ ಹೊರಟವನಿಗೆ ಮಾತ್ರ ದಾರಿಯು ಬರಿದು. ರಸ್ತೆ ಅಗಲವಾದಂತೆಲ್ಲ ಬದಿಯ ಮರಗಳು ಉರುಳುತ್ತವೆ, ಬಾವಿಗಳು ತುಂಬುತ್ತವೆ, ಹಳೆಯ ಮಂಟಪದ ಕಂಬಗಳು ಯಾವುದೋ ಕಟ್ಟೆಯ ತಳಪಾಯವನ್ನು ಸೇರುತ್ತವೆ. ಅವುಗಳ ಮೇಲೆ ದಾನಿಯ ಹೆಸರಿದ್ದರೆ ಅದೂ ಹೋಗುತ್ತದೆ.

ಸೈಕಲ್ಲಿಗೂ ಒಂದು ಮಿತಿಯುಂಟು. ಆತ್ಮಕೂರಿನ ಆಚೆ ಪಾದಯಾತ್ರಿಗಳು ರಸ್ತೆಯನ್ನು ಬಿಟ್ಟು ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನುಗಳ ಮೂಲಕ ನಲ್ಲಮಲದ ಕಾಡನ್ನು ಹೊಗುತ್ತಾರೆ. ಕೊನೆಗೆ ಕಲ್ಲುಮೆಟ್ಟಿಲುಗಳನ್ನೇರಿ ಕೈಲಾಸದ್ವಾರವನ್ನು ಮುಟ್ಟುತ್ತಾರೆ. ಅಲ್ಲಿ ಗಾಲಿಗೆ ಪ್ರವೇಶವಿಲ್ಲ. ಸೈಕಲ್ಲಿನವನು ದೋರ್ನಾಲದ ಮೇಲಿಂದ ಘಟ್ಟದ ರಸ್ತೆಯನ್ನು ಹಿಡಿಯಬೇಕು. ಹುಲಿಗಳ ರಕ್ಷಿತಾರಣ್ಯವಾದ ಕಾರಣ ಆ ರಸ್ತೆಯಲ್ಲಿ ರಾತ್ರಿಸಂಚಾರಕ್ಕೆ ನಿರ್ಬಂಧವಿದೆ. ಯಾತ್ರಾಪಥದ ಅತ್ಯಂತ ಪ್ರಾಚೀನವಾದ ತುಣುಕು ನಡೆಯುವವನಿಗೇ ಮೀಸಲಾಗಿ ಉಳಿದಿರುವುದು ಉಚಿತವೇ ಆಗಿದೆ.

೭

ಮೇಲಣ ವಿವೇಚನೆಯಿಂದ ಫಲಿಸುವುದಿಷ್ಟು. ಒಂಟಿ ಯಾತ್ರೆಯೆಂಬುದು ಸಮಾಜದಿಂದ ದೂರ ಸರಿಯುವ ಕ್ರಿಯೆಯಾಗಿ ಮೇಲುನೋಟಕ್ಕೆ ಕಂಡರೂ, ಅದು ಸಮಾಜವು ದಾರಿಯುದ್ದಕ್ಕೂ ಕಟ್ಟಿಟ್ಟ ದಾನದಿಂದಲೇ ಸಾಧ್ಯವಾದುದು. ಒಬ್ಬ ಅಪರಿಚಿತನು ನಿರ್ಭಯನಾಗಿ ಎಷ್ಟು ದೂರ ಹೋಗಬಲ್ಲನೆಂಬುದು ಒಂದು ನಾಡಿನ ಧರ್ಮವನ್ನು ಅಳೆಯುವ ಕೋಲು. ಒಂಟಿಯಾಗಿ ಹೊರಟ ಹೆಂಗಸೊಬ್ಬಳು ಅಕ್ಕನ ದಾರಿಯಲ್ಲಿ ಇಂದು ಎಷ್ಟು ದೂರ ನಿರ್ಭಯಳಾಗಿ ಹೋಗಬಲ್ಲಳೆಂಬುದನ್ನೂ ಅದೇ ಕೋಲಿನಿಂದ ಅಳೆಯಬೇಕಾಗುತ್ತದೆ.

ಎರಡನೆಯದಾಗಿ, ಈ ದಾನದ ಕುರುಹುಗಳು ಅಳಿಯುತ್ತಿರುವುದರಿಂದ ಅವುಗಳ ಪರಿಶೋಧನೆಯನ್ನು ಮುಂದೂಡುವಂತಿಲ್ಲ. ದೇವಾಲಯಗಳ ಸಮೀಕ್ಷೆಗೆ ವಾಹನದಲ್ಲಿ ಹೋದರೆ ಸಾಕಾಗಬಹುದು. ದಾರಿಯ ಸಮೀಕ್ಷೆಗೆ ಆ ವೇಗವು ಸಲ್ಲದು. ನಡೆಯುವವನ ಕಣ್ಣಿಗೆ ಎಲ್ಲವೂ ಬೀಳುತ್ತದೆ, ಆದರೆ ಅವನಿಗೆ ನಾಲ್ಕುನೂರು ಕಿ.ಮೀ. ಮುಗಿಸಲು ಕಾಲ ಸಾಲದು. ಇವೆರಡರ ನಡುವೆ ಸೈಕಲ್ಲು ತಕ್ಕ ಸಾಧನವೆಂದು ಲೇಖಕನ ಅಭಿಪ್ರಾಯ. ಆನೆಗೊಂದಿಯಿಂದ ಆಲಂಪುರದವರೆಗೆ ಪ್ರತಿಯೊಂದು ಬಾವಿ, ಮಂಟಪ, ಕಟ್ಟೆ, ಮಠ, ಧರ್ಮಶಾಲೆಗಳನ್ನು ಗುರುತಿಸಿ, ಅದು ಯಾವ ಕಾಲದ್ದು, ಬರೆಹವುಂಟೆ, ದಾನಿ ಯಾರು, ಇಂದು ಯಾರು ಬಳಸುತ್ತಾರೆ, ಹಿಂದೆ ಯಾರನ್ನು ಹೊರಗಿಟ್ಟಿದ್ದರು ಎಂಬ ಐದು ವಿವರಗಳನ್ನು ಬರೆದಿಡುವ ಒಂದು ದಾಖಲೆ ಪುಸ್ತಕವು ಸಿದ್ಧವಾಗಬೇಕು. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಸೈಕಲ್ ತುಳಿಯಬಲ್ಲವರಿಗೆ ಕೊರತೆಯಿಲ್ಲ. ಅವರವರ ಊರಿನಿಂದ ಒಂದು ದಿನದ ದಾರಿಯನ್ನು ಒಬ್ಬೊಬ್ಬರು ವಹಿಸಿಕೊಂಡರೆ ಎರಡು ಮೂರು ಬೇಸಗೆಗಳಲ್ಲಿ ಈ ಕಾರ್ಯವು ಸಾಗೀತು. ನಮ್ಮ ವಿಭಾಗವು ಇದಕ್ಕೆ ಮೊದಲುಮಾಡಬೇಕೆಂದೂ, ಮಾನವಿಯ ಜಗನ್ನಾಥದಾಸರ (೧೭೨೮–೧೮೦೯) ಪರಂಪರೆಯನ್ನೂ, ೧೬೭೧ರಲ್ಲಿ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳಿಗೆ ಸಂಬಂಧಿಸಿದ ಬಿಚ್ಚಾಲಿಯ ಸ್ಥಳಗಳನ್ನೂ ಬಲ್ಲ ಸ್ಥಳೀಯ ವಿದ್ವಾಂಸರು ಇದರಲ್ಲಿ ಕೈಗೂಡಿಸಬೇಕೆಂದೂ ಪ್ರಾರ್ಥನೆ. ಬಾವಿಯೊಂದು ಮುಚ್ಚಿಹೋಗುವ ಮೊದಲು ಅದನ್ನು ತೋಡಿಸಿದವನ ಹೆಸರನ್ನಾದರೂ ಬರೆದುಕೊಳ್ಳುವುದು ಆ ನೀರನ್ನು ಕುಡಿದ ನಾಡಿನ ಋಣವಾಗಿದೆ.